ಆ ಸೊನ್ನೆ ಎಲ್ಲಿ ಹೋಯಿತು?

ಪಿಯುಸಿ ವಿಜ್ಞಾನಕ್ಕೆ ಸೇರಿದ ಮಕ್ಕಳೇ, ಲೆಕ್ಕ ಬಿಡಿಸುವಾಗ ಒಂದು ಸಾಲಿನಿಂದ ಮುಂದಿನ ಸಾಲಿಗೆ ಇಳಿಯುವ ಮುನ್ನ ನಿಮ್ಮನ್ನೇ ಕೇಳಿಕೊಳ್ಳಿ: ಹೀಗೆ ಮಾಡಬಹುದೇ, ಯಾಕೆ ಮಾಡಬಹುದು? ಸ್ಟೆಪ್ ಬರೆದರೆ ಅಂಕ ಸಿಗುತ್ತದೆಂದು ಮೇಷ್ಟ್ರು ಹೇಳಿರುತ್ತಾರೆ. ನಿಜವೇ. ಆದರೆ ತಪ್ಪು ಎಲ್ಲಾಯಿತೆಂದು ನಿಮಗೇ ಕಾಣುವುದು ಅದಕ್ಕಿಂತ ದೊಡ್ಡ ಲಾಭ.

ಎಕ್ಸ್ ವರ್ಗ = 5 ಎಕ್ಸ್ ಎಂಬ ಪುಟ್ಟ ಸಮೀಕರಣ ತೆಗೆದುಕೊಳ್ಳಿ. ಎರಡೂ ಕಡೆ ಎಕ್ಸ್ ಕ್ಯಾನ್ಸಲ್ ಮಾಡಿ, ಉತ್ತರ 5 ಎಂದು ಅಡಿಗೆರೆ ಎಳೆದುಬಿಡುತ್ತೀರಿ. ಸೊನ್ನೆ ಹಾಕಿ ನೋಡಿ, ಅದೂ ಸರಿಹೊಂದುತ್ತದೆ. ಹಾಗಾದರೆ ಆ ಸೊನ್ನೆ ಎಲ್ಲಿ ಹೋಯಿತು? ಕ್ಯಾನ್ಸಲ್ ಎಂದರೆ ಭಾಗಾಕಾರ, ಸೊನ್ನೆಯಿಂದ ಭಾಗಿಸುವಂತಿಲ್ಲ. ಎಕ್ಸ್ ಸೊನ್ನೆಯಲ್ಲ ಎಂದು ಯಾರೂ ಹೇಳದಿದ್ದರೂ ನೀವೇ ಹಾಗೆಂದುಕೊಂಡಿರಿ, ಒಂದು ಮೂಲ ಕೈಬಿಟ್ಟುಹೋಯಿತು. 5 ಎಕ್ಸ್ ಅನ್ನು ಎಡಕ್ಕೆ ತಂದು ಅಪವರ್ತಿಸಿದ್ದರೆ ಎರಡೂ ಉಳಿಯುತ್ತಿದ್ದವು.

ಇದಕ್ಕೆ ತದ್ವಿರುದ್ಧದ ಆಟವೂ ಉಂಟು. ‘ಎಕ್ಸ್ + 6’ರ ವರ್ಗಮೂಲ ಎಕ್ಸ್‌ಗೆ ಸಮ ಎಂದಿರಲಿ. ಎರಡೂ ಕಡೆ ವರ್ಗ ಮಾಡಿ ಬಿಡಿಸಿದರೆ 3 ಮತ್ತು −2 ಸಿಗುತ್ತವೆ. −2 ಅನ್ನು ಮೊದಲ ಸಾಲಿಗೇ ಹಾಕಿ: ಎಡಗಡೆ 2, ಬಲಗಡೆ −2. ವರ್ಗ ಮಾಡುವಾಗ ಚಿಹ್ನೆ ಅಳಿಸಿಹೋಗಿ, ಕರೆಯದ ನೆಂಟನೊಬ್ಬ ಒಳಗೆ ಬಂದು ಕೂತಿದ್ದಾನೆ.

ವರ್ಗಸಮೀಕರಣದ ಸೂತ್ರವೇನೋ ಎಲ್ಲರಿಗೂ ಬಾಯಿಪಾಠ. ಅದರ ಹಿಂದಿನ ಉಪಾಯ, ಎರಡೂ ಕಡೆ 4ಎ ಇಂದ ಗುಣಿಸಿ ಬಿ ವರ್ಗವನ್ನು ಕೂಡುವುದು, ಶ್ರೀಧರಾಚಾರ್ಯರದೆಂದು ಭಾಸ್ಕರಾಚಾರ್ಯರು ‘ಬೀಜಗಣಿತ’ದಲ್ಲಿ ಹೇಳಿದ್ದಾರೆ. 4ಎ ಯಾಕೆ? ಭಿನ್ನರಾಶಿಯ ಗೋಜಿಲ್ಲದೆ ಪೂರ್ಣವರ್ಗ ಆಗಲೆಂದು. ಒಮ್ಮೆ ಕೈಯಾರೆ ಮಾಡಿ ನೋಡಿ. ಪರೀಕ್ಷೆಯಲ್ಲಿ ಸೂತ್ರ ಮರೆತರೂ ಗಾಬರಿಯಾಗುವುದಿಲ್ಲ.

ಕಲನಶಾಸ್ತ್ರದಲ್ಲಿ ಒಂದು ಅನುಕೂಲವಿದೆ. ಅನುಕಲನದ ಉತ್ತರವನ್ನು ಅವಕಲಿಸಿದರೆ ಪ್ರಶ್ನೆಯೇ ಮರಳಿ ಬರಬೇಕು. ಉತ್ತರಕ್ಕಾಗಿ ಪುಸ್ತಕದ ಕೊನೆ ಪುಟ ತಿರುವಬೇಕಿಲ್ಲ. ಈ ಪರೀಕ್ಷೆಗೂ ಸಿಕ್ಕಿಬೀಳದ ತಪ್ಪೆಂದರೆ ‘+ ಸಿ’ ಬಿಡುವುದು. ಸ್ಥಿರಾಂಕದ ಅವಕಲನ ಸೊನ್ನೆಯಲ್ಲವೇ? ‘+ ಸಿ’ಯನ್ನು ನೀವೇ ನೆನಪಿಡಬೇಕು.

ಈಗ ಲೆಕ್ಕದ ಫೋಟೋ ತೆಗೆದರೆ ಫೋನೇ ಹೆಜ್ಜೆಹೆಜ್ಜೆಯಾಗಿ ಬಿಡಿಸಿ ತೋರಿಸುತ್ತದೆ. ನೋಡಲೇಬೇಡಿ ಎನ್ನಲಾರೆ. ನೀವು ಸಿಕ್ಕಿಕೊಂಡ ಸಾಲಿನವರೆಗೆ ಮಾತ್ರ ನೋಡಿ, ಫೋನನ್ನು ಬೋರಲಿಟ್ಟು, ಉಳಿದದ್ದನ್ನು ಖಾಲಿ ಹಾಳೆಯಲ್ಲಿ ನೀವೇ ಬರೆದು ಮುಗಿಸಿ.