ಇಟಿ 48, ಇಟಿ 20: ನಡುವಿನ 28 ಮಿಲಿಮೀಟರ್

ಜರ್ಮನಿಯಲ್ಲಿರೋ ನಮ್ಮ ದೊಡ್ಡಮ್ಮನ ಮಗ ಹೋದ ವರ್ಷ ಸೆಕೆಂಡ್ ಹ್ಯಾಂಡ್ ಟೊಯೊಟಾ ಜಿಟಿ 86 ತಗೊಂಡ. ಎರಡು ಬಾಗಿಲು, ಹಿಂದಿನ ಚಕ್ರಗಳಿಗೆ ಪವರ್, ಮ್ಯಾನುವಲ್ ಗೇರ್. ನಾವೆಲ್ಲ ಗೇಮ್‌ನಲ್ಲಿ ಮಾತ್ರ ಓಡಿಸಿರೋ ಕಾರು. ತಿಂಗಳು ತುಂಬೋದ್ರೊಳಗೆ ಅವನಿಗೆ ಹೊಸ ಅಲಾಯ್ ವೀಲ್ ಹಾಕೋ ಆಸೆ ಶುರುವಾಯ್ತು. ಯಾರೋ ಮಾರ್ತಿದ್ದ ಹಳೆ ಸೆಟ್ಟಿನ ಫೋಟೋ ಕಳಿಸಿ ಕೇಳಿದ: "ಲೋ, ನೀನು ಮೆಕ್ಯಾನಿಕಲ್ ತಾನೆ? ಇದು ನನ್ನ ಕಾರಿಗೆ ಆಗತ್ತಾ ನೋಡಿ ಹೇಳು."

ವೀಲ್ ಮೇಲೆ 18 ಇಂಚು, 8.5 ಜೆ, 5×100, ಇಟಿ 20 ಅಂತ ಇತ್ತು. ಜಿಟಿ 86ಗೂ ಐದು ಸ್ಟಡ್, 100 ಮಿ.ಮೀ. ವೃತ್ತ. ಅದೊಂದು ಮ್ಯಾಚ್ ಆದದ್ದು ನೋಡಿ "ಆಗತ್ತೆ ಅಣ್ಣ, ತಗೋ" ಅಂದುಬಿಟ್ಟೆ. ಇಟಿ ಅಂದ್ರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು. ಈ ಲೇಖನ ಬರೀತಿರೋದು ಆ ನಾಚಿಕೆಗೆ ಕೊಟ್ಟ ಫೈನ್ ಅಂತಲೇ ಅನ್ಕೊಳ್ಳಿ.

ಇಟಿ ಅನ್ನೋದು ಐನ್‌ಪ್ರೆಸ್‌ಟೀಫೆ ಅನ್ನೋ ಜರ್ಮನ್ ಪದದ ಮೊಟಕು ರೂಪ. ನಾವು ಆಫ್‌ಸೆಟ್ ಅನ್ನೋದು ಇದನ್ನೇ. ಚಕ್ರವನ್ನು ನೇರ ನಿಲ್ಲಿಸಿ, ಅದರ ಅಗಲದ ಸರಿಯಾಗಿ ಮಧ್ಯಕ್ಕೆ ಒಂದು ಗೆರೆ ಎಳೆದಿದ್ದೀರಿ ಅಂತ ಊಹಿಸಿ. ಚಕ್ರ ಹಬ್ಬಿಗೆ ತಾಗಿ ಕೂರುವ ಸಮತಟ್ಟು ಭಾಗವೇ ಮೌಂಟಿಂಗ್ ಫೇಸ್. ಅದು ಮಧ್ಯಗೆರೆಯಿಂದ ಎಷ್ಟು ಮಿಲಿಮೀಟರ್ ದೂರ ಇದೆ ಅನ್ನೋದೇ ಆಫ್‌ಸೆಟ್. ಫೇಸ್ ಗೆರೆಯ ಮೇಲೆಯೇ ಇದ್ದರೆ ಸೊನ್ನೆ. ಗೆರೆಯಿಂದ ರಸ್ತೆಯ ಕಡೆಗೆ ಇದ್ದರೆ ಪಾಸಿಟಿವ್, ಎಂಜಿನ್ ಕಡೆಗೆ ಇದ್ದರೆ ನೆಗೆಟಿವ್.

ಇಲ್ಲಿ ತಲೆ ಸ್ವಲ್ಪ ಉಲ್ಟಾ ಹೊಡೆಯತ್ತೆ. ಫೇಸ್ ಹೊರಗೆ ಹೋದಷ್ಟೂ ಚಕ್ರ ಒಳಗೆ ಹೋಗತ್ತೆ, ಯಾಕಂದ್ರೆ ಹಬ್ ತನ್ನ ಜಾಗ ಬಿಟ್ಟು ಅಲ್ಲಾಡಲ್ಲ, ಸರಿಯೋದು ಚಕ್ರವೇ. ಹಾಗಾಗಿ ಇಟಿ ದೊಡ್ಡದಾದರೆ ಚಕ್ರ ಫೆಂಡರ್ ಒಳಗೆ ಅಡಗತ್ತೆ, ಚಿಕ್ಕದಾದರೆ ಹೊರಗೆ ಇಣುಕತ್ತೆ.

ಅಣ್ಣನ ಕಾರಿನ ಕಂಪನಿ ವೀಲ್ 17 ಇಂಚು, 7 ಜೆ, ಇಟಿ 48. ಆಫ್‌ಸೆಟ್ ಒಂದನ್ನೇ ಹೋಲಿಸಿದರೆ ಪೂರ್ತಿ ಕಥೆ ಗೊತ್ತಾಗಲ್ಲ, ಅಗಲವನ್ನೂ ಸೇರಿಸಬೇಕು. 7 ಇಂಚು ಅಂದ್ರೆ 177.8 ಮಿ.ಮೀ., ಅರ್ಧ 88.9. ಮೌಂಟಿಂಗ್ ಫೇಸಿನಿಂದ ಒಳಕ್ಕೆ 88.9 + 48 = 136.9, ಹೊರಕ್ಕೆ 88.9 − 48 = 40.9. ಇನ್ನು 8.5 ಇಂಚಿನ ಅರ್ಧ ಸುಮಾರು 108. ಇಟಿ 20 ಆದರೆ ಒಳಕ್ಕೆ 128, ಹೊರಕ್ಕೆ 88. ಅಂದ್ರೆ ಒಳಗಡೆ 9 ಮಿ.ಮೀ. ಜಾಗ ಉಳೀತು, ಆದರೆ ಹೊರಗಡೆ 47 ಮಿ.ಮೀ. ಜಾಸ್ತಿ ಚಾಚಿಕೊಂಡಿತು. ಹತ್ತಿರ ಹತ್ತಿರ ಎರಡು ಇಂಚು! ನಾನು "ಆಗತ್ತೆ" ಅನ್ನೋ ಮುಂಚೆ ಮಾಡಬೇಕಾಗಿದ್ದ ಲೆಕ್ಕ ಇಷ್ಟೇ. ಒಂದು ಕೂಡು, ಒಂದು ಕಳೆ.

"ಹಾಗಾದ್ರೆ ಅದೇ ಇಟಿ 48 ತಗೊಂಡ್ರೆ ಸೇಫ್ ಅಲ್ವಾ?" ಅಂತ ನನ್ನ ರೂಮ್‌ಮೇಟ್ ಕೇಳಿದ. ಅದೂ ಅಲ್ಲ. 8.5 ಜೆ, ಇಟಿ 48 ಆದರೆ ಎರಡೂ ಕಡೆ 19 ಮಿ.ಮೀ. ಬೆಳೆಯತ್ತೆ. ಒಳಗಡೆ ಸಸ್ಪೆನ್ಷನ್ ಸ್ಟ್ರಟ್‌ಗೂ ಟೈರಿಗೂ ನಡುವೆ ಅಷ್ಟು ಖಾಲಿ ಜಾಗ ಇದೆಯಾ ಅಂತ ಮೊದಲು ಅಳೀಬೇಕು. ಹೊರಗೆ ತಾಗಿದರೆ ಕಣ್ಣಿಗೆ ಕಾಣತ್ತೆ. ಒಳಗೆ ಉಜ್ಜಿದರೆ ಟೈರಿನ ಒಳಬದಿ ಸವೆದು ಒಡೆಯೋ ತನಕ ಗೊತ್ತೇ ಆಗಲ್ಲ. ನನ್ನ ಪ್ರಕಾರ ಇದೇ ಹೆಚ್ಚು ಅಪಾಯ.

ಅಣ್ಣ ವೀಲ್ ಹಾಕಿಸಿ ಫೋಟೋ ಕಳಿಸಿದಾಗ ನಿಜ ಹೇಳ್ತೀನಿ, ಸಖತ್ತಾಗಿ ಕಾಣ್ತಿತ್ತು. ಆದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟೈರು ಚಕ್ರದ ಗೂಡಿನ ಪ್ಲಾಸ್ಟಿಕ್ಕಿಗೆ ಕರ್ ಕರ್ ಅಂತ ಉಜ್ಜುತ್ತಿತ್ತು. ಮಳೇಲಿ ಟೈರು ಎಸೆದ ನೀರೆಲ್ಲ ಬಾಗಿಲಿಗೆ. ಅಲ್ಲಿನ ನಿಯಮದ ಪ್ರಕಾರ ಕಂಪನಿ ಒಪ್ಪಿದ ಅಳತೆ ಬಿಟ್ಟು ಬೇರೆ ವೀಲ್ ಹಾಕಿದರೆ ಅದಕ್ಕೆ ಕಾಗದಪತ್ರ, ತಪಾಸಣೆ ಎಲ್ಲ ಬೇಕು, ಟೈರಿನ ಮೇಲ್ಭಾಗ ಬಾಡಿಯಿಂದ ಹೊರಗೆ ಇಣುಕಬಾರದು. ತಪಾಸಣೆಯವರು ಒಂದು ಸಲ ನೋಡಿ ಆಗಲ್ಲ ಅಂದರಂತೆ. ಅವರದ್ದೇನೂ ತಪ್ಪಿಲ್ಲ.

ಇದು ಬರೀ ನೋಟದ, ನಿಯಮದ ವಿಷಯ ಆಗಿದ್ದರೆ ಇಷ್ಟು ಉದ್ದ ಬರೀತಿರಲಿಲ್ಲ. ಇಟಿ 48ರಿಂದ 20ಕ್ಕೆ ಇಳಿದರೆ ಟೈರು ನೆಲಕ್ಕೆ ತಾಗುವ ಜಾಗದ ಮಧ್ಯಬಿಂದು 28 ಮಿ.ಮೀ. ಹೊರಗೆ ಹೋಗತ್ತೆ. ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಕೊಂಡು ನಡೆಯೋದಕ್ಕೂ ಅದನ್ನೇ ಸ್ವಲ್ಪ ದೂರ ಕೈ ಚಾಚಿ ಹಿಡಿಯೋದಕ್ಕೂ ಇರೋ ವ್ಯತ್ಯಾಸ ನೆನಪಿಸಿಕೊಳ್ಳಿ. ನೀರು ಅಷ್ಟೇ, ನೋವು ಜಾಸ್ತಿ. ಜಿಟಿ 86 ತೂಕ ಸುಮಾರು 1,250 ಕೆ.ಜಿ. ಮುಂದಿನ ಒಂದು ಚಕ್ರದ ಮೇಲೆ 330 ಕೆ.ಜಿ. ಅಂತ ಹಿಡಿಯೋಣ, ಅಂದ್ರೆ 3,240 ನ್ಯೂಟನ್ ಹತ್ತಿರ. ಅದನ್ನು 0.028 ಮೀಟರಿಗೆ ಗುಣಿಸಿದರೆ ಸುಮಾರು 90 ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಸರಳಿನ ತುದಿಗೆ 9 ಕೆ.ಜಿ. ಕಟ್ಟಿ ವೀಲ್ ಬೇರಿಂಗಿಗೆ ನೇತುಹಾಕಿದ ಹಾಗೆ. ಅದೂ ಕಾರು ಸುಮ್ಮನೆ ನಿಂತಿರುವಾಗ. ಗುಂಡಿಗೆ ಬಿದ್ದಾಗ ಇನ್ನೂ ಎಷ್ಟೋ ಪಟ್ಟು. ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನಲ್ಲಿ ಮೊಮೆಂಟ್ ಲೆಕ್ಕ ಮಾಡುವಾಗ ಇದು ಯಾವನಿಗೆ ಬೇಕು ಅಂತ ಬೈಕೊಂಡಿದ್ದು ನೆನಪಾಯ್ತು.

ಇನ್ನೊಂದು ಪರಿಣಾಮ ಸ್ಟೀರಿಂಗ್ ಮೇಲೆ. ಈ ಕಾರಿನ ಮುಂದೆ ಇರೋದು ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಟ್ರಟ್ಟಿನ ಮೇಲಿನ ತುದಿಯಿಂದ ಕೆಳಗಿನ ಬಾಲ್ ಜಾಯಿಂಟ್ ಮೂಲಕ ಒಂದು ಗೆರೆ ಎಳೆದರೆ, ಚಕ್ರ ತಿರುಗೋದು ಆ ಗೆರೆಯ ಸುತ್ತ. ಗೆರೆ ನೆಲ ಮುಟ್ಟುವ ಬಿಂದುವಿಗೂ ಟೈರಿನ ಮಧ್ಯಕ್ಕೂ ಇರೋ ದೂರ ಸ್ಕ್ರಬ್ ರೇಡಿಯಸ್. ಕಾರು ಮಾಡಿದ ಎಂಜಿನಿಯರ್‌ಗಳು ಇದನ್ನು ಮಿಲಿಮೀಟರ್ ಲೆಕ್ಕದಲ್ಲಿ ಯೋಚಿಸಿ ಇಟ್ಟಿರ್ತಾರೆ. ನಾವು 28 ಮಿ.ಮೀ. ತಳ್ಳಿದರೆ, ಎಡ ಚಕ್ರ ನೀರಿನಲ್ಲಿ, ಬಲ ಚಕ್ರ ಒಣ ರಸ್ತೆಯಲ್ಲಿ ಇರುವಾಗ ಬ್ರೇಕ್ ಹೊಡೆದರೆ, ಹಿಡಿತ ಜಾಸ್ತಿ ಇರೋ ಚಕ್ರ ಸ್ಟೀರಿಂಗನ್ನು ತನ್ನ ಕಡೆ ಎಳೆಯತ್ತೆ. ಅಣ್ಣ ಇದನ್ನು ತನ್ನ ಭಾಷೇಲಿ ಹೇಳಿದ: "ಕಾರು ರಸ್ತೆಯ ಪ್ರತಿ ಗೀರನ್ನೂ ಹುಡುಕ್ಕೊಂಡು ಹೋಗತ್ತೆ ಕಣೋ."

ಸ್ಪೇಸರ್ ಬಗ್ಗೆ ಕೇಳೋರು ಇರ್ತಾರೆ. ಹಬ್ಬಿಗೂ ಚಕ್ರಕ್ಕೂ ನಡುವೆ 15 ಮಿ.ಮೀ. ಬಿಲ್ಲೆ ಇಟ್ಟರೆ ಇಟಿ 48 ಇದ್ದದ್ದು 33 ಆದ ಹಾಗೆ. ಕಮ್ಮಿ ಮಾಡಬಹುದು, ಜಾಸ್ತಿ ಮಾಡೋಕೆ ಸಾಧ್ಯವಿಲ್ಲ. ಹಾಗಾಗಿ ನಮ್ಮ ಇಟಿ 20ಕ್ಕೆ ಮದ್ದೇ ಇರಲಿಲ್ಲ. ಜೊತೆಗೆ ಸ್ಪೇಸರ್ ದಪ್ಪದಷ್ಟು ಸ್ಟಡ್‌ನ ಉದ್ದ ನಟ್ಟಿಗೆ ಸಿಗದೇ ಹೋಗತ್ತೆ, ಅದನ್ನು ಮರೀಬಾರದು.

ವೀಲ್ ಮೇಲೆ ಇಟಿ ನಂಬರ್ ಅಳಿಸಿಹೋಗಿದ್ದರೆ ನೀವೇ ಅಳೀಬಹುದು. ಕೆಳಗೆ ಬಟ್ಟೆ ಹಾಸಿ ಚಕ್ರವನ್ನು ಮುಖ ಕೆಳಗೆ ಮಾಡಿ ಮಲಗಿಸಿ. ಹಿಂಭಾಗದ ಅಂಚುಗಳ ಮೇಲೆ ಅಡ್ಡಲಾಗಿ ನೇರ ಪಟ್ಟಿ ಇಟ್ಟು, ಅಲ್ಲಿಂದ ಮೌಂಟಿಂಗ್ ಫೇಸ್ ತನಕ ಆಳ ತಗೊಳ್ಳಿ. 140 ಮಿ.ಮೀ. ಬಂತು ಅನ್ಕೊಳ್ಳಿ. ಅಂಚಿಂದ ಅಂಚಿಗೆ ಒಟ್ಟು ಅಗಲ 240 ಬಂದರೆ ಅರ್ಧ 120. 140 − 120, ಇಟಿ 20. ಇಲ್ಲಿ ಎಡವೋದು ಒಂದೇ ಕಡೆ: 8.5 ಜೆ ಅನ್ನೋದು ಟೈರು ಕೂರುವ ಜಾಗದ ಅಗಲ. ಹೊರ ಅಂಚುಗಳೂ ಸೇರಿದರೆ ಸುಮಾರು ಒಂದು ಇಂಚು ಜಾಸ್ತಿ ಇರತ್ತೆ. ಆದ್ದರಿಂದ ಈ ಲೆಕ್ಕಕ್ಕೆ ಒಟ್ಟು ಅಗಲವನ್ನೇ ಅಳೀಬೇಕು.

ಅಣ್ಣ ಆ ಸೆಟ್ಟನ್ನು 150 ಯೂರೋ ನಷ್ಟಕ್ಕೆ ಮಾರಿದ. ನನಗೆ ಒಂದು ಮಾತೂ ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಎರಡು ತಿಂಗಳಾದ ಮೇಲೆ ಮತ್ತೆ ಫೋಟೋ: 17 ಇಂಚು, 7.5 ಜೆ, 5×100, ಇಟಿ 45. "ಆಗತ್ತಾ?"

ಈ ಸಲ ಪೇಪರ್ ತಗೊಂಡು ಕೂತೆ. ಒಳಕ್ಕೆ 3 ಮಿ.ಮೀ., ಹೊರಕ್ಕೆ 9 ಮಿ.ಮೀ., ಟೈರಿನ ಮಧ್ಯ ಸರಿದದ್ದು ಬರೀ 3. ಸ್ಟ್ರಟ್ಟಿಗೂ ಟೈರಿಗೂ ನಡುವಿನ ಜಾಗ ಅಳೆಸಿದೆ. ಬ್ರೇಕ್ ಕ್ಯಾಲಿಪರ್ ಒಳಗಿನ ಕಡ್ಡಿಗಳಿಗೆ ತಾಗತ್ತಾ ನೋಡಿಸಿದೆ, ಅದು ಇಟಿ ಲೆಕ್ಕದಲ್ಲಿ ಸಿಗಲ್ಲ. ಹೊಸ ವೀಲ್‌ನ ನಡುವಿನ ತೂತು 73.1 ಮಿ.ಮೀ., ಜಿಟಿ 86ರ ಹಬ್ 56.1. ನಡುವೆ ಹಾಕೋ ರಿಂಗ್ ಇಲ್ಲದಿದ್ದರೆ ಚಕ್ರ ಸರಿಯಾಗಿ ಮಧ್ಯಕ್ಕೆ ಕೂರದೆ ಸ್ಪೀಡಲ್ಲಿ ಸ್ಟೀರಿಂಗ್ ನಡುಗಬಹುದು ಅಂತ ಹೇಳಿ ನಾಲ್ಕು ರಿಂಗ್ ತರಿಸಿದೆ. ಎಲ್ಲ ಮುಗಿದ ಮೇಲೆ "ಆಗತ್ತೆ" ಅಂತ ಟೈಪ್ ಮಾಡಿ, ಕಳಿಸೋ ಮುಂಚೆ ಇನ್ನೊಂದು ಸಲ ಕೂಡಿ ಕಳೆದು ನೋಡಿದೆ.