ಬೋಲ್ಟಿನ ಥ್ರೆಡ್ ಕೆಟ್ಟರೆ ಮೊದಲು ಪಾನಾ ಕೆಳಗಿಡಿ

ರೋಣ, ನರಗುಂದ, ಗಜೇಂದ್ರಗಡದ ಕಡೆ ಹೊಲದ ದಾರಿಗೆ ಇಳಿಯದ ಕಾರು ಕಡಿಮೆ. ಮಳೆಗಾಲದಲ್ಲಿ ಗಾಲಿಗೆ ಮೆತ್ತಿದ ಎರೆಮಣ್ಣು ಒಣಗಿದ ಮೇಲೆ ಕಲ್ಲಾಗುತ್ತದೆ. ಗಾಲಿಯ ನಟ್ ಕೂರುವ ಬೋಲ್ಟು, ಅಂದರೆ ಸ್ಟಡ್‌ನ ಹೊರಚಾಚಿದ ತುದಿಯಲ್ಲಿ ತುಕ್ಕು, ಮಣ್ಣು ಎರಡೂ ಸೇರಿ ಥ್ರೆಡ್ ತುಂಬಿಕೊಳ್ಳುತ್ತವೆ. ಪಂಕ್ಚರ್ ಆದ ದಿನ ಪಾನಾಕ್ಕೆ ಪೈಪು ಸಿಕ್ಕಿಸಿ ತುಳಿದರೆ ನಟ್ ಬರುತ್ತದೆ, ಜತೆಗೆ ಥ್ರೆಡ್ಡೂ ಕಿತ್ತು ಬರುತ್ತದೆ. ಬಿಚ್ಚುವ ಮುಂಚೆ ತಂತಿ ಬ್ರಷ್‌ನಿಂದ ತಿಕ್ಕಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ತಾಸು ಬಿಡುವುದು ಈ ಕೆಲಸದ ಮೊದಲ ಹೆಜ್ಜೆ.

ಅದಕ್ಕೂ ಮೊದಲು ಕಾರು ನಿಲ್ಲಿಸಿದ ನೆಲ ನೋಡಿ. ಎರೆನೆಲದಲ್ಲಿ ಜಾಕ್ ಹುಗಿಯುತ್ತದೆ. ಅದರ ಕೆಳಗೆ ಅಗಲವಾದ ದಪ್ಪ ಹಲಗೆ ಇಡಿ, ನೆಲದ ಮೇಲೆ ಉಳಿಯುವ ಗಾಲಿಗೆ ಕಲ್ಲು ಕೊಡಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ.

ಇನ್ನು ಅಳತೆ. ಹೆಚ್ಚು ಬೋಲ್ಟುಗಳು ಹಾಳಾಗುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಂತು ಓದಿ. ಬೋಲ್ಟಿಗೆ ದಪ್ಪ ಒಂದೇ ಅಳತೆಯಲ್ಲ. ಥ್ರೆಡ್ಡಿನ ಒಂದು ಎಳೆಯಿಂದ ಇನ್ನೊಂದು ಎಳೆಗೆ ಇರುವ ಅಂತರ, ಅಂದರೆ ಪಿಚ್, ಅಷ್ಟೇ ಮುಖ್ಯ. ಮಾರುತಿ ಸುಜುಕಿಯ ಸಣ್ಣ ಕಾರುಗಳ ಗಾಲಿ ಸ್ಟಡ್ 12 ಮಿ.ಮೀ. ದಪ್ಪ, ಪಿಚ್ 1.25. ಹುಂಡೈ ಕಾರಿನದೂ 12 ಮಿ.ಮೀ., ಆದರೆ ಪಿಚ್ 1.5. ಕಣ್ಣಿಗೆ ಎರಡೂ ಒಂದೇ. ಒಂದರ ನಟ್ ಇನ್ನೊಂದಕ್ಕೆ ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ. ತುಕ್ಕಿಗೆ ಹೀಗಾಯಿತು ಎಂದು ಪಾನಾ ಹಾಕಿ ಒತ್ತಿದರೆ ಎರಡೂ ಕೆಟ್ಟಂತೆಯೇ. ಪಿಚ್ ಗೇಜ್ ಇಲ್ಲದಿದ್ದರೆ ಹತ್ತು ಎಳೆಗಳ ಉದ್ದ ಅಳೆದು ಹತ್ತರಿಂದ ಭಾಗಿಸಿ: 12.5 ಮಿ.ಮೀ. ಬಂದರೆ ಪಿಚ್ 1.25, 15 ಬಂದರೆ 1.5.

ಎಳೆ ಬರೀ ಮಡಚಿದೆಯೋ, ಲೋಹವೇ ಕಿತ್ತು ಹೋಗಿದೆಯೋ ಎಂಬುದನ್ನು ಬೆಳಕಿಗೆ ಹಿಡಿದು ನೋಡಿ. ತುದಿಯ ಒಂದೆರಡು ಎಳೆ ಮಾತ್ರ ಮಡಚಿದ್ದರೆ ಮೂರು ಮೂಲೆಯ ಸಣ್ಣ ಅರದಿಂದ ಎಳೆಯ ಓಟದಲ್ಲೇ ಹಗುರಾಗಿ ಉಜ್ಜಿ. ಆಮೇಲೆ ಅದೇ ಅಳತೆಯ ಡೈ, ಅಂದರೆ ಬೋಲ್ಟಿನ ಎಳೆ ಕೊರೆಯುವ ಅಚ್ಚು ಹಾಕಿ. ಡೈ ಇಲ್ಲದವರು ಒಳ್ಳೆಯ ಗಟ್ಟಿ ನಟ್‌ನ ಒಳಗೆ ಹ್ಯಾಕ್‌ಸಾದಿಂದ ಎರಡು ಮೂರು ಗೀರು ಹಾಕಿಕೊಂಡರೆ ಮಣ್ಣು, ತುಕ್ಕು, ಸಣ್ಣ ಮಡಿಕೆ ಬಿಡಿಸಲು ಅದೇ ಸಾಕು. ತೂತಿನ ಥ್ರೆಡ್ ಕೊಳೆಯಾಗಿದ್ದರೆ ಇದೇ ರೀತಿ ಒಂದು ಬೋಲ್ಟಿನ ಉದ್ದಕ್ಕೆ ಗೀರು ಹಾಕಿ ಬಳಸಿ. ಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗಲೇ ಚೂರು ಮುರಿದು ಬೀಳುವುದು.

ನಡುವಿನ ಎಳೆಗಳೇ ಹೋಗಿದ್ದರೆ ರಿಪೇರಿ ಬೇಡ, ಬೋಲ್ಟ್ ಬದಲಿಸಿ. ಗಾಲಿ, ಬ್ರೇಕ್, ಸ್ಟೀರಿಂಗ್‌ನ ಬೋಲ್ಟಿಗಂತೂ ಇದರಲ್ಲಿ ರಾಜಿ ಇಲ್ಲ. ತಲೆಯ ಮೇಲಿನ 8.8 ಅಥವಾ 10.9 ಎಂಬ ಅಂಕಿ ಹಳೆಯದರಲ್ಲಿ ಎಷ್ಟಿತ್ತೋ ಹೊಸದರಲ್ಲೂ ಅಷ್ಟೇ ಇರಬೇಕು. ಗೇಟಿಗೆ ಹಾಕುವ ಬೋಲ್ಟ್ ಕಾರಿಗಲ್ಲ. ಗಾಲಿ ಸ್ಟಡ್ ಹಬ್‌ನ ಹಿಂಬದಿಯಿಂದ ಬಿಗಿಯಾಗಿ ಕೂತಿರುತ್ತದೆ. ಅದನ್ನು ಹೊಡೆದು ತೆಗೆಯುವಾಗ ಬೇರಿಂಗ್‌ಗೆ ಪೆಟ್ಟು ಬೀಳಬಹುದು. ಅನುಭವ ಇಲ್ಲದವರು ಗ್ಯಾರೇಜಿಗೆ ಒಯ್ಯುವುದೇ ಸರಿ.

ಎಂಜಿನ್ನಿನ ಅಲ್ಯೂಮಿನಿಯಂ ಭಾಗದಲ್ಲಿ ತೂತಿನ ಥ್ರೆಡ್ಡೇ ಕಿತ್ತುಬಂದಾಗ ಕೆಲವರು ಎಂಸೀಲ್ ತುಂಬಿ ಬೋಲ್ಟ್ ಒತ್ತುತ್ತಾರೆ. ಬಿಸಿಗೆ, ನಡುಕಕ್ಕೆ ಅದು ನಿಲ್ಲದು. ಅದಕ್ಕಿರುವ ಸರಿಯಾದ ಉಪಾಯ ಹೆಲಿಕಾಯಿಲ್, ಅಂದರೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ. 8 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 8.3 ಮಿ.ಮೀ. ಡ್ರಿಲ್ ಹೊಡೆದು, ತೂತಿನೊಳಗೆ ಎಳೆ ಕೊರೆಯಲು ಕಿಟ್‌ನಲ್ಲೇ ಬರುವ ಟ್ಯಾಪ್ ಹಾಕಿ, ಸುರುಳಿಯನ್ನು ತಿರುಗಿಸಿ ಮೇಲ್ಮೈಗಿಂತ ಕಾಲು ಅಥವಾ ಅರ್ಧ ಸುತ್ತು ಕೆಳಗೆ ಕೂರಿಸಬೇಕು. ಕೊನೆಗೆ ಅದರ ಬಾಲ ಮುರಿದು ಹೊರತೆಗೆಯಿರಿ. ಹೀಗೆ ಮಾಡಿದ ಥ್ರೆಡ್ ಮೂಲ ಅಲ್ಯೂಮಿನಿಯಂಗಿಂತ ಗಟ್ಟಿ. ಆದರೆ ಡ್ರಿಲ್ ನೆಟ್ಟಗೆ ಇಳಿಯಬೇಕು. ಕೈ ಡ್ರಿಲ್‌ನಲ್ಲಿ ಅದು ಕಷ್ಟ. ಭಾಗ ಬಿಚ್ಚಿ ತರುವಂತಿದ್ದರೆ ಟ್ರ್ಯಾಕ್ಟರ್ ಕೆಲಸ ಮಾಡುವ ಲೇತ್ ಅಂಗಡಿಗೆ ಕೊಡಿ. ಸ್ಪಾರ್ಕ್ ಪ್ಲಗ್ ತೂತಿನ ಕೆಲಸಕ್ಕೆ ಮನೆಯಲ್ಲಿ ಕೈಹಾಕಲೇಬೇಡಿ. ಒಳಗೆ ಬಿದ್ದ ಒಂದು ಚೂರು ಸಿಲಿಂಡರನ್ನು ಗೀರಿಬಿಡುತ್ತದೆ.

ಮರುಜೋಡಣೆಗೆ ಬೆರಳೇ ಒಳ್ಳೆಯ ಉಪಕರಣ. ಬೋಲ್ಟನ್ನು ಮೊದಲು ಬಿಚ್ಚುವ ಕಡೆಗೆ ನಿಧಾನ ತಿರುಗಿಸಿ. ಟಕ್ಕನೆ ಒಂದು ಎಳೆ ಕೆಳಗಿಳಿದದ್ದು ಕೈಗೆ ತಿಳಿಯುತ್ತದೆ, ಅಲ್ಲಿಂದ ಬಿಗಿಯಲು ಶುರು ಮಾಡಿ. ಮೂರು ನಾಲ್ಕು ಸುತ್ತು ಬೆರಳಲ್ಲೇ ಹೋಗದಿದ್ದರೆ ಬಿಚ್ಚಿ, ಮತ್ತೆ ನೋಡಿ. ಗಾಲಿ ಸ್ಟಡ್‌ಗೆ ಗ್ರೀಸ್ ಬಳಿಯಬೇಡಿ. ಜಾರಿಕೆ ಹೆಚ್ಚಿ ಸ್ಟಡ್ ಮಿತಿಮೀರಿ ಹಿಗ್ಗುತ್ತದೆ. ನಟ್‌ಗಳನ್ನು ಎದುರುಬದುರಾಗಿ, ಕಾರಿನ ಕೈಪಿಡಿಯಲ್ಲಿರುವ ಟಾರ್ಕ್‌ನಷ್ಟೇ ಬಿಗಿಯಿರಿ. ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಪಾನಾ ಹಾಕಿ ನೋಡಿ. ಆಗ ಯಾವುದೇ ನಟ್ ಸಡಿಲವಾಗಿ ಸಿಕ್ಕರೆ ಆ ಸ್ಟಡ್ ಬದಲಾಗುವವರೆಗೆ ಹೆದ್ದಾರಿಗೆ ಕಾರು ಒಯ್ಯಬೇಡಿ.