ಹಳೆಯ ಮಸೂರದಿಂದ ಶಾಸನದ ಚಿತ್ರ

ನಮ್ಮ ಸೋದರಮಾವನವರು ಹೊನ್ನಾಳಿಯಲ್ಲಿ ಬಹುಕಾಲ ಫೋಟೋ ಸ್ಟುಡಿಯೋ ನಡೆಸಿದವರು. ಮೊಬೈಲ್ ಫೋನು ಮನೆಮನೆಗೂ ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಅವರ ಪೆಂಟಾಕ್ಸ್ ಕೆ-೧೦೦೦ ಕ್ಯಾಮರಾ ತಗಡಿನ ಟ್ರಂಕು ಸೇರಿತು. ಕಳೆದ ವರ್ಷ ಗುಜರಿಯವನು ಬಾಗಿಲಿಗೆ ಬಂದಾಗ ಆ ಟ್ರಂಕು ಹೊರಬಿತ್ತು. "ಪೆಟ್ಟಿಗೆ ಹೋದರೆ ಹೋಗಲಿ ಮಾವ, ಮುಂದಿನ ಲೆನ್ಸನ್ನು ಮಾತ್ರ ನನಗೆ ಕೊಡಿ" ಎಂದೆ. "ರೀಲು ಹಾಕುವವರೇ ಇಲ್ಲದ ಕಾಲದಲ್ಲಿ ಅದನ್ನು ಇಟ್ಟುಕೊಂಡು ಏನು ಮಾಡ್ತೀಯಪ್ಪ?" ಎಂದು ಅವರು ನಕ್ಕರು. ಆ ಪ್ರಶ್ನೆಗೆ ಕೊಡಬೇಕಾಗಿದ್ದ ಉತ್ತರವನ್ನೇ ಇಲ್ಲಿ ಬರೆದಿದ್ದೇನೆ.

ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಕ್ಯಾಮರಾ ವಿಲಾಸದ ವಸ್ತುವಲ್ಲ. ಬಿ. ಎಲ್. ರೈಸ್ ಅವರು ನಮ್ಮ ಸೀಮೆಯ ಶಾಸನಗಳನ್ನು ಊರೂರು ಹುಡುಕಿಸಿ, ಕ್ರಮಸಂಖ್ಯೆ ಕೊಟ್ಟು 'ಎಪಿಗ್ರಾಫಿಯ ಕರ್ನಾಟಿಕ'ದಲ್ಲಿ ಅಚ್ಚುಮಾಡಿಸಿದರು. ದಾವಣಗೆರೆ ಜಿಲ್ಲೆಯಾದದ್ದು ೧೯೯೭ರಲ್ಲಿ. ಆದುದರಿಂದ ನಮ್ಮ ಕಲ್ಲುಗಳು ಎರಡು ಸಂಪುಟಗಳಲ್ಲಿ ಹಂಚಿಹೋಗಿವೆ: ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳವು ಶಿವಮೊಗ್ಗ ಜಿಲ್ಲೆಯ ಹೆಸರಿನಲ್ಲಿ ೧೯೦೨ರ ಏಳನೆಯ ಸಂಪುಟದಲ್ಲಿವೆ; ಜಗಳೂರಿನವು ಚಿತ್ರದುರ್ಗದ ಹೆಸರಿನಲ್ಲಿ ಹನ್ನೊಂದನೆಯ ಸಂಪುಟದಲ್ಲಿವೆ. ನ್ಯಾಮತಿ ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. ಆ ಕಡೆಯ ಊರುಗಳನ್ನು ಹೊನ್ನಾಳಿಯ ಭಾಗದಲ್ಲಿಯೇ ಹುಡುಕಬೇಕು. ಪುಸ್ತಕದಲ್ಲಿ ಪಾಠವಿದೆ, ನಿಜ. ಆದರೆ ಕಲ್ಲು ಈಗ ಹೇಗಿದೆ? ನಾವು ನೋಡಿದವುಗಳಲ್ಲಿ ಒಂದಕ್ಕೆ ಸುಣ್ಣ ಬಳಿದಿದ್ದರು, ಒಂದಕ್ಕೆ ವರ್ಷವರ್ಷವೂ ಎಣ್ಣೆ ಎರೆದು ಅಕ್ಷರಗಳಲ್ಲಿ ಜಿಡ್ಡು ತುಂಬಿತ್ತು, ಇನ್ನೊಂದರ ಅಂಚಿನಲ್ಲಿ ಕುಡುಗೋಲು ಮಸೆದ ಗೆರೆಗಳಿದ್ದವು. ಇಂದು ಇರುವಷ್ಟನ್ನಾದರೂ ಚಿತ್ರದಲ್ಲಿ ಉಳಿಸಿಕೊಳ್ಳಬೇಕೆಂಬುದು ನಮ್ಮ ಆಸೆ. ಹೊಸ ಮಸೂರದ ಬೆಲೆಯೋ, ನಮ್ಮಂಥವರ ಮನೆಯ ಎರಡು ಮೂರು ತಿಂಗಳ ಖರ್ಚು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಚಿಕ್ಕಪ್ಪನ ಮಗ ತನ್ನ ಸೋನಿ ಕ್ಯಾಮರಾದ ಪೆಟ್ಟಿಗೆಯನ್ನೇನೋ ಕೊಟ್ಟ. ಅದರ ಮುಂದಿನ ಮಸೂರ ಕೆಟ್ಟಿತ್ತು.

ಹಳೆಯ ಮಸೂರ ಹೊಸ ಪೆಟ್ಟಿಗೆಗೆ ಹೊಂದುವುದು ಹೇಗೆ? ರೀಲಿನ ಕಾಲದ ಎಸ್.ಎಲ್.ಆರ್. ಕ್ಯಾಮರಾದಲ್ಲಿ ಮಸೂರಕ್ಕೂ ಫಿಲ್ಮಿಗೂ ನಡುವೆ ಓರೆಯಾಗಿ ಒಂದು ಕನ್ನಡಿ ನಿಂತಿರುತ್ತಿತ್ತು. ಅದು ಮೇಲಕ್ಕೆ ಏಳಲು ಜಾಗ ಬೇಕಲ್ಲವೆ? ಅದಕ್ಕಾಗಿ ಪೆಂಟಾಕ್ಸಿನವರು ಮಸೂರ ಕೂರುವ ಬಾಯಿಂದ ಫಿಲ್ಮಿನವರೆಗೆ ೪೫.೪೬ ಮಿಲಿಮೀಟರ್ ಬಿಟ್ಟರು. ೧೯೫೯ರಲ್ಲಿ ಬಂದ ನಿಕಾನ್ ಎಫ್‌ನಲ್ಲಿ ಇದು ೪೬.೫. ಪ್ಯಾನಸೋನಿಕ್ ೨೦೦೮ರಲ್ಲಿ ಜಿ-೧ ಎಂಬ ಕನ್ನಡಿಯಿಲ್ಲದ ಕ್ಯಾಮರಾವನ್ನು ತಂದಿತು. ೨೦೧೦ರಲ್ಲಿ ಸೋನಿಯವರ ಇ-ಮೌಂಟ್ ಬಂದಿತು. ಕನ್ನಡಿ ಹೋದ ಮೇಲೆ ಆ ಜಾಗವೇಕೆ? ಸೋನಿಯಲ್ಲಿ ಈ ಅಂತರ ೧೮ ಮಿಲಿಮೀಟರ್ ಮಾತ್ರ. ವ್ಯತ್ಯಾಸವಾದ ೨೭.೪೬ ಮಿಲಿಮೀಟರನ್ನು ಅಡಾಪ್ಟರ್ ಎಂಬ ಲೋಹದ ಬಳೆಯೊಂದು ತುಂಬಿಕೊಡುತ್ತದೆ. ಬಳೆಯೊಳಗೆ ಗಾಜಿಲ್ಲ, ತಂತಿಯಿಲ್ಲ, ಬರಿಯ ಗಾಳಿ. ಮಸೂರಕ್ಕೆ ತಾನು ಹುಟ್ಟಿದ ಪೆಟ್ಟಿಗೆಯಲ್ಲಿಯೇ ಇದ್ದೇನೆಂಬ ಭಾವನೆ.

ಬಳೆಯ ಅಳತೆ ಮಾತ್ರ ಕರಾರುವಾಕ್ಕಾಗಿರಬೇಕು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ನಾನು ಕೊಂಡ ಬಳೆ ಬಹಳ ಅಗ್ಗದ್ದು. ಮೊದಲ ದಿನ ಸಂಜೆ ಸೂಳೆಕೆರೆಯ ಏರಿಯ ಮೇಲೆ ನಿಂತು, ಬೆಳಕು ಸಾಲದೆಂದು ಮಸೂರದ ಕಿಂಡಿಯನ್ನು ಪೂರ್ತಿ ತೆರೆದು, ಆಚೆಯ ಗುಡ್ಡಗಳಿಗೆ ಫೋಕಸ್ ಮಾಡಹೋದೆ. ಉಂಗುರ ಅನಂತದ ಗುರುತಿಗೆ ಹೋಗಿ ನಿಂತಿತು. ಗುಡ್ಡಗಳು ಮಾತ್ರ ಮಂಜಿನಲ್ಲಿದ್ದಂತೆಯೇ ಇದ್ದವು. ಏರಿಯ ಬುಡದ ಬೇಲಿ ಮುಳ್ಳುಮುಳ್ಳಾಗಿ ಸ್ಪಷ್ಟವಾಗಿತ್ತು! ಮಸೂರ ಹಾಳಾಗಿದೆಯೆಂದೇ ಬಗೆದು ಗುಜರಿಗೆ ಹಾಕುವ ಮನಸ್ಸಾಯಿತು. ಭೌತಶಾಸ್ತ್ರ ಓದುವ ಗೆಳೆಯನೊಬ್ಬ ಲೆಕ್ಕ ಹಾಕಿ ತೋರಿಸಿದ. ಸಂಗಮದೂರ ೫೦ ಮಿ.ಮೀ. ಇರುವ ಮಸೂರ ತನ್ನ ಸ್ಥಾನದಿಂದ ೦.೧ ಮಿ.ಮೀ. ಮುಂದೆ ಕುಳಿತರೆ, ೫೦ರ ವರ್ಗವಾದ ೨೫೦೦ನ್ನು ೦.೧ರಿಂದ ಭಾಗಿಸಬೇಕು: ೨೫,೦೦೦ ಮಿ.ಮೀ., ಎಂದರೆ ೨೫ ಮೀಟರ್. ಅದರಾಚೆಗಿನ ಯಾವುದಕ್ಕೂ ಫೋಕಸ್ ನಿಲ್ಲುವುದಿಲ್ಲ. ೦.೧ ಮಿ.ಮೀ. ಎಂದರೆ ನಮ್ಮ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ! ಬೇರೆ ಬಳೆ ಹಾಕಿದೆವು, ಗುಡ್ಡಗಳು ಕಂಡವು. ಬಳೆ ಕೂದಲೆಳೆಯಷ್ಟು ತೆಳುವಾಗಿದ್ದರೆ ಬಾಧಕವಿಲ್ಲ. ಅನಂತದ ಗುರುತಿಗೆ ಸ್ವಲ್ಪ ಮೊದಲೇ ದೂರದ ಫೋಕಸ್ ಸಿಕ್ಕುತ್ತದೆ, ಅಷ್ಟೆ. ದಪ್ಪವಾಗಿರಬಾರದು.

ಇನ್ನು ಕಲ್ಲಿನ ಮುಂದೆ ನಿಂತಾಗ ಮಾಡಬೇಕಾದುದನ್ನು ಹೇಳುತ್ತೇನೆ. ಕ್ಯಾಮರಾಕ್ಕೆ ಮಸೂರದ ಗುರುತೇ ಸಿಗದಿರುವುದರಿಂದ ಕೆಲವು ಪೆಟ್ಟಿಗೆಗಳಲ್ಲಿ ಗುಂಡಿ ಒತ್ತಿದರೂ ಚಿತ್ರ ಬೀಳುವುದಿಲ್ಲ. 'ಲೆನ್ಸ್ ಇಲ್ಲದೆ ಶಟರ್' ಎಂಬ ಅನುಮತಿಯನ್ನು ಮೊದಲೇ ಕೊಟ್ಟಿರಬೇಕು. ಚಕ್ರವನ್ನು 'ಎ' ಅಕ್ಷರಕ್ಕೆ ತಿರುಗಿಸಿದರೆ ಕಿಂಡಿಯನ್ನು ನಾವು ನೋಡಿಕೊಳ್ಳುತ್ತೇವೆ, ಶಟರಿನ ವೇಗವನ್ನು ಅದು ನೋಡಿಕೊಳ್ಳುತ್ತದೆ. ಹಿಂದಿನ ಪರದೆಯಲ್ಲಿ ಒಂದು ಅಕ್ಷರವನ್ನು ಹಿಗ್ಗಿಸಿ, ಕಿಂಡಿ ಪೂರ್ತಿ ತೆರೆದಿರುವಾಗಲೇ ಉಂಗುರ ತಿರುಗಿಸಿ ಅಕ್ಷರದ ಅಂಚನ್ನು ಹರಿತಗೊಳಿಸಬೇಕು. ಆಮೇಲೆ ಕಿಂಡಿಯನ್ನು ಎಂಟಕ್ಕೆ ಮುಚ್ಚಬೇಕು. ಕಾರಣ ಸ್ಪಷ್ಟವಾಗಿದೆ: ನಮ್ಮ ಸೋನಿಯಂಥ ಚಿಕ್ಕ ಸೆನ್ಸರಿನಲ್ಲಿ ಒಂದು ಮೀಟರ್ ದೂರದಿಂದ ತೆಗೆದರೆ, ಎಫ್/೨ರಲ್ಲಿ ಸುಮಾರು ೩ ಸೆಂಟಿಮೀಟರಿನಷ್ಟು ಆಳ ಮಾತ್ರ ಸ್ಪಷ್ಟ, ಎಫ್/೮ರಲ್ಲಿ ೧೨-೧೩ ಸೆಂಟಿಮೀಟರ್. ಮಣ್ಣಿನಲ್ಲಿ ವಾಲಿ ನಿಂತ ವೀರಗಲ್ಲಿಗೆ ಮೂರು ಸೆಂಟಿಮೀಟರ್ ಎಲ್ಲಿ ಸಾಕು? ಮುಕ್ಕಾಲಿ ಇರಲಿ, ಇಲ್ಲವಾದರೆ ಒಂದು ಕಲ್ಲುಚಪ್ಪಡಿಯ ಮೇಲಾದರೂ ಪೆಟ್ಟಿಗೆಯನ್ನು ಊರಬೇಕು.

ಇದೆಲ್ಲಕ್ಕಿಂತ ದೊಡ್ಡದು ಬೆಳಕು. ನಡುಹಗಲಿನಲ್ಲಿ ನೇರವಾಗಿ ಬಿಸಿಲು ಬಿದ್ದ ಕಲ್ಲಿನ ಮೇಲೆ ಅಕ್ಷರವೇ ಇಲ್ಲದಂತೆ ತೋರುತ್ತದೆ. ಅದೇ ಕಲ್ಲನ್ನು ಬಿಸಿಲು ಪಕ್ಕದಿಂದ ಸವರಿಕೊಂಡು ಹೋಗುವ ಹೊತ್ತಿನಲ್ಲಿ ನೋಡಿ: ಒಂದೊಂದು ಗೆರೆಯ ಒಂದು ದಡ ಬೆಳಗಿ, ಇನ್ನೊಂದು ದಡ ಕಪ್ಪಾಗಿ, ಸಾಲುಗಳು ಎದ್ದು ನಿಲ್ಲುತ್ತವೆ. ಗುಡಿಯ ಒಳಗಾದರೆ ಒಂದು ಟಾರ್ಚನ್ನು ಕಲ್ಲಿಗೆ ಒತ್ತಾಗಿ ಪಕ್ಕದಿಂದ ಹಿಡಿದರೂ ಆದೀತು. ಸುಣ್ಣದ ಪುಡಿ ತುಂಬಿಯೋ ಸೀಮೆಸುಣ್ಣದಿಂದ ತಿದ್ದಿಯೋ ಚಿತ್ರ ತೆಗೆಯುವವರಿದ್ದಾರೆ. ತಿದ್ದುವವನ ತಪ್ಪು ಓದು ಕಲ್ಲಿನ ಮೇಲೆಯೇ ನಿಂತುಬಿಡುತ್ತದೆ. ಅದು ಸಲ್ಲದು.

ಈ ಮಸೂರದ ಮಿತಿಯನ್ನೂ ಮುಚ್ಚಿಡಬಾರದು. ಚಿಕ್ಕ ಸೆನ್ಸರಿನ ಪೆಟ್ಟಿಗೆಯಲ್ಲಿ ಅದರ ನೋಟ ಕಿರಿದಾಗುತ್ತದೆ. ಎರಡು ಮೀಟರ್ ಎತ್ತರದ ಶಾಸನ ಪೂರ್ತಿ ಬರಬೇಕಾದರೆ ೪.೩ ಮೀಟರ್ ಹಿಂದೆ ಸರಿಯಬೇಕು. ಇಕ್ಕಟ್ಟಾದ ನವರಂಗದಲ್ಲಿ ಅಷ್ಟು ಜಾಗವೆಲ್ಲಿ? ೨೮ ಮಿ.ಮೀ. ಮಸೂರವಾದರೆ ೨.೪ ಮೀಟರ್ ಸಾಕು. ಇನ್ನು ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಅಭಯಾರಣ್ಯಕ್ಕೆ ಕೊಂಡಕುರಿಯ ಚಿತ್ರಕ್ಕೆಂದು ಹೋಗುವವರು ಇದನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು ಲೇಸು. ನೀವು ಉಂಗುರ ತಿರುಗಿಸುವಷ್ಟರಲ್ಲಿ ಆ ನಾಲ್ಕು ಕೊಂಬಿನ ನಾಚಿಕೆಯ ಪ್ರಾಣಿ ಕುರುಚಲಿನಲ್ಲಿ ಮರೆಯಾಗಿರುತ್ತದೆ. ಕಲ್ಲು ಓಡುವುದಿಲ್ಲ, ನಮ್ಮ ಕೆಲಸಕ್ಕೆ ಇದು ಸರಿ.

ಟ್ರಂಕಿನಿಂದ ಮಸೂರ ತೆಗೆಯುವವರು ಮೊದಲು ಟಾರ್ಚಿನ ಬೆಳಕು ಹಾಯಿಸಿ ಒಳಗೆ ನೋಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ನ್ಯಾಮತಿಯ ಕಡೆಯ ಮಳೆಗಾಲದಲ್ಲಿ ಇದರ ಕಾಟ ಹೆಚ್ಚು. ಜಗಳೂರಿನ ಒಣಹವೆಯಲ್ಲಿ ಬೂಷ್ಟಿಗಿಂತ ಧೂಳೇ ಶತ್ರು. ಚರ್ಮದ ಚೀಲ ತೇವ ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡುವುದು ಮೇಲು.

ಕೊನೆಯದಾಗಿ ಒಂದು ಮಾತು. ಹೊಸ ಮಸೂರವಾದರೆ ಕಿಂಡಿಯ ಅಳತೆಯನ್ನು ಕ್ಯಾಮರಾ ತಾನೇ ಚಿತ್ರದೊಡನೆ ಬರೆದಿಡುತ್ತದೆ. ಹಳೆಯದಕ್ಕೆ ಆ ಜಾಗ ಖಾಲಿ. ಅದನ್ನು ನಾವೇ ಬರೆಯಬೇಕು. ಬರೆಯುವಾಗ ಊರು, ಕಲ್ಲು ನಿಂತ ದಿಕ್ಕು, ಹೊತ್ತು, ರೈಸ್ ಅವರ ಸಂಖ್ಯೆ ಇವೂ ಸೇರಿಹೋಗುತ್ತವೆ. ಮೊದಲ ದಿನ ನನ್ನ ಕೈಯಲ್ಲಿ ನೋಟ್‌ಬುಕ್ ಇರಲಿಲ್ಲ. ಅಂದು ತೆಗೆದ ಚಿತ್ರಗಳಲ್ಲಿ ಏಳು ಕಲ್ಲುಗಳು ಯಾವ ಊರಿನವೆಂದು ಇನ್ನೂ ತಿಳಿದಿಲ್ಲ. ದಸರಾ ರಜೆಯಲ್ಲಿ ಮತ್ತೆ ಸೈಕಲ್ ಏರಿ ಅವನ್ನು ಹುಡುಕಬೇಕಾಗಿದೆ.